ಸಹಾಯ ಬೇಕು: ಎಚ್ ಪೈಲೋರಿ (ಹೊಟ್ಟೇಲಿ ಅಲ್ಸರ್ ಮಾಡೋ ಬ್ಯಾಕ್ಟೀರಿಯಾ) ಪೂರ್ತಿ ಹೋಗಿದ್ಯಾ ಅಂತ ಟೆಸ್ಟ್ ಎಲ್ಲಿ ಮಾಡ್ಸೋದು?

ಎಲ್ರಿಗೂ ನಮಸ್ಕಾರ. ನಮ್ಮ ಅಪ್ಪಂಗೆ ತುಂಬಾ ದಿನದಿಂದ ಹೊಟ್ಟೆ ಉರಿ ಇತ್ತು, ಮಲ ಕಪ್ಪಗೆ ಹೋಗೋಕೆ ಶುರುವಾದ್ಮೇಲೆ ಎಂಡೋಸ್ಕೋಪಿ ಮಾಡಿದ್ರು, ಸಣ್ಣ ಕರುಳಿನ ಶುರುವಲ್ಲೇ ಅಲ್ಸರ್, ಬಯಾಪ್ಸಿಲಿ ಎಚ್ ಪೈಲೋರಿ ಪಾಸಿಟಿವ್. ಅಮಾಕ್ಸಿಸಿಲಿನ್, ಕ್ಲಾರಿಥ್ರೋಮೈಸಿನ್ ಅನ್ನೋ ಎರಡು ಆಂಟಿಬಯಾಟಿಕ್, ಜೊತೆಗೆ ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್, 14 ದಿನದ ಕೋರ್ಸ್ ಮುಗೀತು, ನೋವು ಈಗ ಕಮ್ಮಿ. ಆದ್ರೆ ನೋವು ಹೋದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಗಿದೆ ಅಂತಲ್ವಲ್ಲ, ಕ್ಲಾರಿಥ್ರೋಮೈಸಿನ್‌ಗೆ ಬಗ್ಗದೇ ಇರೋದು ನಮ್ಮ ದೇಶದಲ್ಲಿ ಜಾಸ್ತಿ, ಉಳ್ಕೊಂಡ್ರೆ ಅಲ್ಸರ್ ವಾಪಸ್ ಬರಬಹುದು, ವರ್ಷಗಟ್ಟಲೆ ಇದ್ರೆ ಕೆಲವರಿಗೆ ಹೊಟ್ಟೆ ಕ್ಯಾನ್ಸರ್ ವರೆಗೂ ಹೋಗತ್ತೆ, ಅದೇ ಭಯ.

ಕೋರ್ಸ್ ಮುಗಿದು ಕನಿಷ್ಠ 4 ವಾರ ಆದ್ಮೇಲೆ ಟೆಸ್ಟ್ ಮಾಡ್ಸಿ, ಅದಕ್ಕೆ ಮುಂಚೆ 2 ವಾರ ಪ್ಯಾಂಟೊಪ್ರಜೋಲ್ ನಿಲ್ಸಿ ಅಂದಿದ್ದಾರೆ. ದಾವಣಗೆರೆ ಇಲ್ಲಾ ಶಿವಮೊಗ್ಗ ಕಡೆ ಯೂರಿಯಾ ಬ್ರೆತ್ ಟೆಸ್ಟ್ (ಉಸಿರಿನ ಟೆಸ್ಟ್) ಯಾರಾದ್ರೂ ಮಾಡ್ತಾರಾ? ಇಲ್ಲಾಂದ್ರೆ ಸ್ಟೂಲ್ ಆಂಟಿಜೆನ್ ಟೆಸ್ಟ್ (ಮಲದ ಟೆಸ್ಟ್) ಆದ್ರೂ ಸಾಕು, ಎಷ್ಟಾಗತ್ತೆ ಹೇಳಿ. (ಬ್ಲಡ್ ಟೆಸ್ಟ್ ಬೇಡ, ವಾಸಿಯಾದ್ರೂ ಅದು ಪಾಸಿಟಿವ್ ತೋರಿಸ್ತಾನೇ ಇರತ್ತೆ.) ಆ 2 ವಾರ ಮಾತ್ರೆ ಇಲ್ದೆ ಉರಿ ಹೆಂಗೆ ತಡ್ಕೊಂಡ್ರಿ ನೀವು?

ಇನ್ನೊಂದು, ಮಂಡಿ ನೋವಿಗೆ ಅಪ್ಪ ಡೈಕ್ಲೋಫಿನಾಕ್ ತಗೋತಿದ್ರು, ಅದೂ ಅಲ್ಸರ್ ಮಾಡತ್ತೆ ಅಂತ ಡಾಕ್ಟ್ರು ನಿಲ್ಸಿದ್ದಾರೆ. ನಿಮ್ಮನೇಲಿ ದೊಡ್ಡೋರಿಗೆ ಬದಲಿಗೆ ಏನು ಬರ್ಕೊಟ್ರು? ತಂಗಿಗೂ ಇದೇ ಥರ ಉರಿ, ಮನೇಲಿ ಒಬ್ರಿಂದ ಒಬ್ರಿಗೆ ಹರಡತ್ತಂತೆ, ಅವಳಿಗೂ ಟೆಸ್ಟ್ ಮಾಡ್ಸಿದೋರಿದ್ರೆ ದಯವಿಟ್ಟು ತಿಳ್ಸಿ.

ನೆಂಟರೆಲ್ಲ ಖಾರ, ಟೆನ್ಷನ್ ಅಂತಾನೇ ಬೈತಿದ್ದಾರೆ ಅಪ್ಪಂಗೆ. ಆದ್ರೆ ಆಸ್ಟ್ರೇಲಿಯಾದ ಡಾಕ್ಟ್ರು ಬ್ಯಾರಿ ಮಾರ್ಷಲ್ 1984ರಲ್ಲೇ ಹೊಟ್ಟೆ ಕೆಡ್ಸೋದು ಈ ಬ್ಯಾಕ್ಟೀರಿಯಾ ಅಂತ ತಾವೇ ಅದನ್ನ ಕುಡಿದು ತೋರ್ಸಿದ್ರು, 2005ರಲ್ಲಿ ನೊಬೆಲ್ ಕೂಡ ಬಂತು. ಇದನ್ನ ಸರಳವಾಗಿ ಹೇಳೋ ಕನ್ನಡ ವಿಡಿಯೋ ಇದ್ರೆ ಕಳ್ಸಿ, ಅವ್ರಿಗೆ ತೋರಿಸ್ಬೇಕು.