ಪದ ಬೇಕು, ತುರ್ತು: ಫಲಕದ ಮೇಲೆ ‘ಫ್ರೀ ಸಾಫ್ಟ್‌ವೇರ್’ ಎಂದು ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ನಾವು ಹತ್ತು ಜನ ಫಲಕ ಹಿಡಿದು ನಿಲ್ಲುತ್ತೇವೆ. ಕೂಗಾಟ ಇಲ್ಲ, ಕರಪತ್ರ ಹಂಚುವುದು ಅಷ್ಟೆ. ಕಳೆದ ಸಲ ‘ಉಚಿತ ತಂತ್ರಾಂಶ ನಮ್ಮ ಹಕ್ಕು’ ಎಂದು ಬರೆದು ಕೆಟ್ಟೆವು. ಒಬ್ಬರು ಪೆನ್‌ಡ್ರೈವ್ ಚಾಚಿ, “ಇದಕ್ಕೆ ಹಾಕಿಕೊಡಿ, ಎಷ್ಟು ದಿನ ಫ್ರೀ?” ಎಂದು ಕೇಳಿದರು. ನಾವು ಹೇಳುವುದು ಸ್ವಾತಂತ್ರ್ಯದ ‘ಫ್ರೀ’, ಕಾಸಿಲ್ಲದ ‘ಫ್ರೀ’ ಅಲ್ಲ. ‘ಮುಕ್ತ’ವೋ, ‘ಸ್ವತಂತ್ರ’ವೋ? ರಟ್ಟು ಚಿಕ್ಕದು, ಎರಡೇ ಪದ ಹಿಡಿಯುತ್ತದೆ. ರಾತ್ರಿಯೊಳಗೆ ಹೇಳಿ.

ಮರು:
> ‘ಮುಕ್ತ’ವೋ

ಬೇಡ. ಅದು 1998ರಲ್ಲಿ ಹುಟ್ಟಿದ ‘ಓಪನ್ ಸೋರ್ಸ್’ (ಮೂಲ ಕೋಡ್ ತೆರೆದಿಡುವುದು) ಎಂಬ ಹೆಸರಿನ ಪಾಲಾಗಿದೆ. ಮುಕ್ತ ವಿಶ್ವವಿದ್ಯಾಲಯದ ‘ಮುಕ್ತ’ ಎಂದರೆ ಓಪನ್ ತಾನೇ? ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಎಂಬ ತಂತ್ರಾಂಶ ಯೋಜನೆ ಘೋಷಿಸಿ ಶುರು ಮಾಡಿದ್ದು ಬಳಸುವವರ ಹಕ್ಕಿನ ಮಾತು. ತಂತ್ರಾಂಶವನ್ನು ಓಡಿಸಬಹುದು, ಒಳಗೆ ನೋಡಿ ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. ಮತ್ತೆ, ‘ಪೋಲಿಯೋ ಮುಕ್ತ’ ಓದಿ ರೂಢಿಯಾದವರ ಮುಂದೆ ಪದ ಹಿಂದುಮುಂದಾಗಿ ‘ತಂತ್ರಾಂಶ ಮುಕ್ತ’ ಎಂದಾದರೆ ಮುಗಿಯಿತು, ಸಾಫ್ಟ್‌ವೇರೇ ಇಲ್ಲದ ಲೋಕ! ‘ಸ್ವತಂತ್ರ ತಂತ್ರಾಂಶ’ ಎಂದು ಬರೆಯಿರಿ.

ಮರು:
> ‘ಸ್ವತಂತ್ರ ತಂತ್ರಾಂಶ’

ತಂತ್ರದ ಮೇಲೆ ತಂತ್ರ. ಜೋರಾಗಿ ಹೇಳಿ ನೋಡಿ, ನಾಲಿಗೆ ಹೊರಳುವುದಿಲ್ಲ. ಅಷ್ಟಕ್ಕೂ ‘ಅಂಶ’ ಯಾವುದರ ಅಂಶ? ಇಲ್ಲಿ ಎಷ್ಟೋ ಸಲ ಕೇಳಿದ್ದೇನೆ. ‘ಬಿಡುಗಡೆ’ ಎಂಬ ಅಚ್ಚಗನ್ನಡ ಪದ ಇರುವಾಗ ಸಂಸ್ಕೃತದ ಮನೆಗೆ ಸಾಲಕ್ಕೆ ಯಾಕೆ ಹೋಗಬೇಕು?

ಮರು:
> ‘ಬಿಡುಗಡೆ’

‘ಬಿಡುಗಡೆಯ ತಂತ್ರಾಂಶ’ ಎಂದರೆ ನಿನ್ನೆ ಬಿಡುಗಡೆಯಾದ ಹೊಸ ಆವೃತ್ತಿ ಅಂದುಕೊಳ್ಳುತ್ತಾರೆ. ಸುಮ್ನೆ ಬಿಡಿ. ಸಾಲವೇ ಬೇಡ ಎನ್ನುವವರು ಮೊದಲು ‘ಚಳವಳಿ’ಯನ್ನು ಮರಾಠಿಗೆ ವಾಪಸು ಕೊಡಲಿ. ‘ಜಾಥಾ’ ಕೂಡ ಹೊರಗಿನದೇ. ‘ಪ್ರತಿಭಟನೆ’ಯೊಳಗೆ ಒಬ್ಬ ಭಟ ಅಡಗಿದ್ದಾನೆ. ಆದರೂ ‘ಶಾಂತಿಯುತ ಪ್ರತಿಭಟನೆ’ ಎಂದಾಗ ಯಾರಿಗೂ ಅವನ ಕತ್ತಿ ಕಾಣಿಸುವುದಿಲ್ಲ, ಅಲ್ವಾ? ‘ಅಂಶ’ವೂ ಹಾಗೇ ಸವೆದಿದೆ.

ಮರು:
ನಿಮ್ಮ ಜಗಳದ ನಡುವೆ ಒಂದು ಮಾತು. ಕರಪತ್ರದಲ್ಲಿ ‘ಬಿಟ್ಟಿ’ಯನ್ನು ಬಳಸಿಕೊಳ್ಳಿ. ಅದು ‘ವಿಷ್ಟಿ’ಯ ತದ್ಭವ, ಅಂದರೆ ಕೂಲಿ ಕೊಡದೆ ಬಲವಂತದಿಂದ ಮಾಡಿಸುವ ಚಾಕರಿ. ಕಾಸಿಲ್ಲದೆ ಸಿಗುವ ಎಷ್ಟೋ ಆ್ಯಪ್‌ಗಳಿಗೆ ಇದಕ್ಕಿಂತ ಒಪ್ಪುವ ಪದ ಇಲ್ಲ. ನಾವು ದುಡ್ಡು ಕೊಡುವುದಿಲ್ಲ, ನಮ್ಮ ಮಾಹಿತಿ ದಿನವಿಡೀ ಅವರ ಮನೆಯಲ್ಲಿ ದುಡಿಯುತ್ತದೆ. ಸ್ವತಂತ್ರ ತಂತ್ರಾಂಶವನ್ನೋ ದುಡ್ಡಿಗೆ ಮಾರಲೂಬಹುದು! ಜನಕ್ಕೆ ಜಾಸ್ತಿ ಗೊಂದಲ ಇರುವುದೇ ಇಲ್ಲಿ.

ಮರು:
ಸಿಕ್ಕಿತು, ಎಲ್ಲರಿಗೂ ಧನ್ಯವಾದ. ರಟ್ಟಿನ ಮುಂದೆ ‘ಸ್ವತಂತ್ರ ತಂತ್ರಾಂಶ’, ಹಿಂದೆ ‘ಬಿಟ್ಟಿ ಅಲ್ಲ’. ಗೆಳೆಯನೊಬ್ಬ ‘ಸ್ವಾತಂತ್ರ’ ಎಂದು ದೀರ್ಘ ಎಳೆದುಬಿಟ್ಟಿದ್ದ. ಬಿಳಿ ಬಣ್ಣ ಬಳಿದು ತಿದ್ದಿದ್ದೇವೆ, ಈಗ ಒಣಗುತ್ತಿದೆ.

ಮರು:
‘ಅಂಶ’ ಯಾವುದರ ಅಂಶ ಎಂದು ಯಾರೂ ಹೇಳಲಿಲ್ಲ.