ಪೆಟ್ ಸ್ಕ್ಯಾನ್‌ಗೆ ಇನ್ಶೂರೆನ್ಸ್ ಕಾಯಬೇಕಾ, ಕೈಯಿಂದಲೇ ಕಟ್ಟಬೇಕಾ?

ಪ್ರಶ್ನೆ: ಸರ್, ಅಮ್ಮನಿಗೆ 58 ವರ್ಷ. ಎದೆಯಲ್ಲಿ ಗಂಟಿತ್ತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಆಪರೇಷನ್‌ಗೆ ಮುಂಚೆ, ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ನೋಡುವ ಪೆಟ್ ಸಿಟಿ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಹಾಸನದಿಂದ ಬೆಂಗಳೂರಿಗೆ ಎರಡು ಸಲ ಓಡಾಡಿದೆವು. ಒಂಬತ್ತು ದಿನದಿಂದ ಟಿಪಿಎಯವರು (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವವರು) ‘ಪ್ರೋಸೆಸ್‌ನಲ್ಲಿದೆ’ ಎನ್ನುತ್ತಿದ್ದಾರೆ. ಸ್ಕ್ಯಾನಿಗೆ 22,000 ಕೇಳುತ್ತಾರೆ. ಒಂದು ದಿನ ಅಡ್ಮಿಟ್ ಮಾಡಿಸಿದರೆ ಕ್ಯಾಶ್‌ಲೆಸ್ ಆಗುತ್ತೆ, ಕೈಯಿಂದ ಕಟ್ಟಬೇಕಿಲ್ಲ ಎಂದು ಪರಿಚಯದವರು ಹೇಳಿದರು. ಹೌದಾ?

ಉತ್ತರ: ಮೇಡಂ, ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ನಲ್ಲಿ ಕೂರುವವನು ನಾನು. ಈ ಅಡ್ಮಿಟ್ ಸಲಹೆ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಬಿಟ್ಟುಬಿಡಿ. ಬರೀ ಪರೀಕ್ಷೆಗೆಂದು ಅಡ್ಮಿಟ್ ಆದರೆ ದುಡ್ಡು ಕೊಡುವುದಿಲ್ಲ ಎಂದು ಸಾಮಾನ್ಯವಾಗಿ ಪಾಲಿಸಿಯಲ್ಲೇ ಬರೆದಿರುತ್ತದೆ. ಆಮೇಲೆ ಸ್ಕ್ಯಾನ್ ಜೊತೆ ರೂಮ್ ಬಾಡಿಗೆಯೂ ನಿಮ್ಮ ತಲೆಗೇ.

ಕ್ಯಾಶ್‌ಲೆಸ್ ಕೇಳಿದರೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕೆಂದು ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ 2024ರಲ್ಲಿ ನಿಯಮ ಮಾಡಿದೆ. ಆಪರೇಷನ್ ದಿನ ಅದು ನೆನಪಿರಲಿ. ಆದರೆ ಪಾಲಿಸಿಯಲ್ಲಿ ಒಪಿಡಿ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆ) ಸೌಲಭ್ಯ ಇಲ್ಲದಿದ್ದರೆ, ಹೊರಗಿಂದ ಬಂದು ಮಾಡಿಸುವ ಸ್ಕ್ಯಾನಿಗೆ ಕ್ಯಾಶ್‌ಲೆಸ್ ಸಿಗುವುದು ಕಷ್ಟ. ಸುಮ್ನೆ ಕಾಯುತ್ತಿದ್ದೀರಿ.

ಆದಷ್ಟು ಬೇಗ ಮಾಡಿಸಿ, ದುಡ್ಡು ಕಟ್ಟಿ, ಆಪರೇಷನ್ ಕ್ಲೇಮ್ ಪಾಸಾದ ಮೇಲೆ ಪ್ರೀ ಹಾಸ್ಪಿಟಲೈಸೇಷನ್ (ಅಡ್ಮಿಟ್ ಆಗುವ ಮುಂಚಿನ) ಖರ್ಚು ಎಂದು ವಾಪಸ್ ಕೇಳಿ. ಅಡ್ಮಿಟ್ ಆದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಕೆಲವು ಪಾಲಿಸಿಯಲ್ಲಿ 30 ದಿನ, ಕೆಲವದರಲ್ಲಿ 60. ನಿಮ್ಮದು 30 ಆಗಿದ್ದರೆ, ಕಾಯುತ್ತಾ ಕೂತಷ್ಟೂ ಬಯಾಪ್ಸಿ ಬಿಲ್ಲೇ ಲೆಕ್ಕದಿಂದ ಹೊರಗೆ ಬೀಳುತ್ತದೆ. ಇದು ಯಾರಿಗೂ ಹೊಳೆಯುವುದಿಲ್ಲ.

ಡಾಕ್ಟರ್ ಚೀಟಿಯ ತಾರೀಖು ಸ್ಕ್ಯಾನಿಗಿಂತ ಮುಂಚಿನದಿರಲಿ, ಅದರಲ್ಲಿ ಕಾಯಿಲೆ ಹೆಸರಿರಲಿ. ಬಿಲ್ ಅಮ್ಮನ ಹೆಸರಲ್ಲಿ, ಪಾಲಿಸಿಯಲ್ಲಿ ಇದ್ದ ಹಾಗೇ ಇರಬೇಕು. ಇನಿಷಿಯಲ್ ತಪ್ಪಿದ್ದಕ್ಕೇ ತಿಂಗಳು ಎಳೆದದ್ದನ್ನು ನೋಡಿದ್ದೇನೆ. ಒರಿಜಿನಲ್ ಕೊಡುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಪಾಲಿಸಿ ನೋಡಿದೆ ಸರ್, 30 ದಿನವೇ! ಬಯಾಪ್ಸಿ ಆಗಿ 16 ದಿನ ಆಯ್ತು. ಸ್ಕ್ಯಾನ್ ಬೇರೆ ಕಡೆ ಕಡಿಮೆಗೆ ಸಿಗುತ್ತಾ?

ಉತ್ತರ: ಎರಡು ಮೂರು ಸೆಂಟರ್‌ಗೆ ಫೋನ್ ಮಾಡಿ, ರೇಟು ಒಂದೇ ಇರುವುದಿಲ್ಲ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲೂ ವಿಚಾರಿಸಿ. ಆದರೆ ಆ ರಿಪೋರ್ಟ್ ನಡೆಯುತ್ತಾ ಎಂದು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ದಿನ ಗೊತ್ತಾದ ಮೇಲೆ ಬೆಳಗ್ಗೆ ಎದ್ದು ಕ್ಯಾನ್ಸಲ್ ಮಾಡಬೇಡಿ. ಸ್ಕ್ಯಾನಿಗೆ ಮುಂಚೆ ಚುಚ್ಚುವ ವಿಕಿರಣ ಔಷಧಿಯ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ, ನಾಳೆಗೆ ಎತ್ತಿಡಲು ಬರುವುದಿಲ್ಲ. ಅಮ್ಮನಿಗೆ ಶುಗರ್ ಇದ್ದರೆ ಬುಕ್ ಮಾಡುವಾಗಲೇ ಹೇಳಿ.

ಇನ್ನೊಬ್ಬರ ಪ್ರಶ್ನೆ: ನಮಗೆ ಪಾಲಿಸಿಯೇ ಇಲ್ಲ ಸರ್, ಬಿಪಿಎಲ್ ಕಾರ್ಡ್ ಇದೆ.

ಉತ್ತರ: ಹಾಗಿದ್ದರೆ ಖಾಸಗಿ ಸೆಂಟರ್‌ಗೆ ಹೋಗುವ ಮುಂಚೆ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸ್ಕ್ಯಾನ್ ಅದರಲ್ಲಿ ಸೇರುತ್ತಾ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ.

ಮೊದಲಿನವರ ಪ್ರಶ್ನೆ: ಕೊನೆಗೆ ಇನ್ಶೂರೆನ್ಸ್ ಕಂಪನಿಯವರು ಕೊಡಲ್ಲ ಅಂದರೆ?

ಉತ್ತರ: ಯಾಕೆ ಕೊಡಲ್ಲ ಎಂದು ಬರವಣಿಗೆಯಲ್ಲಿ ಕೇಳಿ, ಫೋನಿನಲ್ಲಿ ಜಗಳ ಬೇಡ. ಮೊದಲು ಕಂಪನಿಗೇ ದೂರು ಕೊಡಿ, ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ ಸಹಾಯವಾಣಿ 155255. ಒಂದು ತಿಂಗಳಾದರೂ ಸರಿಹೋಗದಿದ್ದರೆ ಬೆಂಗಳೂರಿನಲ್ಲೇ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಇಂಥ ದೂರು ಕೇಳಿ ತೀರ್ಮಾನ ಮಾಡುವವರು) ಕಚೇರಿ ಇದೆ. ಫೀಸೂ ಇಲ್ಲ, ವಕೀಲರೂ ಬೇಡ. ಸದ್ಯಕ್ಕೆ ಅದು ದೂರದ ಮಾತು ಮೇಡಂ. ಬಯಾಪ್ಸಿ ಬಿಲ್ ಲೆಕ್ಕಕ್ಕೆ ಬರಬೇಕಾದರೆ ಆಪರೇಷನ್‌ಗೆ ಅಡ್ಮಿಟ್ ಆಗಲು ನಿಮ್ಮ ಕೈಯಲ್ಲಿ 14 ದಿನ ಇದೆ, ಸ್ಕ್ಯಾನ್ ಬುಕ್ ಮಾಡಿ.