ಗೋದಿಯ ಬೆಂಕಿ, ಮೂವರು ಹುಡುಗರು: ಅಕ್ಕನಿಗೆ ಒಂದು ಉದ್ದ ವಾಯ್ಸ್

ಅಕ್ಕಾ, ನಮಸ್ಕಾರ. ಗ್ರೂಪಿಗೆ ನೀವು ಹಾಕಿದ ನಿಮ್ಮ ಕಾದಂಬರಿಯ ಮೂರು ಅಧ್ಯಾಯ ಓದಿಯಾಯ್ತು. 1944ರ ಬೊಂಬಾಯಿ, ಫೋರ್ಟಿನ ಹೋಟೆಲಿನಲ್ಲಿ ಕಪ್ಪುಬಶಿ ತೊಳೆಯುವ ಮೂವರು ಊರಿನ ಹುಡುಗರು, ಹದಿನಾರರ ಪ್ರಾಯ, ರಾತ್ರಿ ಶಾಲೆಯಲ್ಲಿ ತೂಕಡಿಕೆ, ಯಾರ ಮಾತಿನ ಮೇಲೂ ನಂಬಿಕೆ ಇಲ್ಲ. "ಕಾಲದ ವಿವರ ತಪ್ಪಿದ್ದರೆ ಹೇಳಿ" ಅಂದಿರಿ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಹಾಗಾಗಿ ವಾಯ್ಸ್.

ಮೊದಲು ಗಡಿಯಾರ. ಏಪ್ರಿಲ್ 14, ಗೋದಿ, ಅಂದರೆ ಹಡಗು ನಿಲ್ಲುವ ಡಾಕು, ಸಿಡಿದ ದಿನ, ನೀವು ಸಂಜೆ ಏಳಕ್ಕೇ ಕತ್ತಲು ಮಾಡಿದ್ದೀರಿ. ಯುದ್ಧಕ್ಕೆಂದು 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ತನಕ ಸರಕಾರಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಆ ಲೆಕ್ಕದಲ್ಲಿ ಏಪ್ರಿಲ್ ನಡುವೆ ಸೂರ್ಯ ಮುಳುಗುವಾಗ ಎಂಟರ ಹತ್ತಿರ. ಏಳಕ್ಕೆ ಒಳ್ಳೆ ಬೆಳಕುಂಟು. ಮತ್ತೆ ಹುಡುಗನ ಕಿಸೆಯಲ್ಲಿ ನಯಾಪೈಸೆ ಬೇಡ, ಅದು ಬಂದದ್ದು 1957ರಲ್ಲಿ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. ಆ ಪೈಸೆಗೆ 1943ರಿಂದ ನಡುವೆ ತೂತು, ಯುದ್ಧದಲ್ಲಿ ಲೋಹದ ಅಭಾವ ನೋಡಿ. ನಮ್ಮವರ ಒಟ್ಟೆ ಮುಕ್ಕಾಲು ಅದೇ. ನೂಲಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಸಿ ಬೇಕಾದರೆ.

ಊಟದ ದೃಶ್ಯದಲ್ಲಿ ಕುಚ್ಚಲಕ್ಕಿ ಗಂಜಿ ಧಾರಾಳ ಆಯ್ತು. ಬರ್ಮಾ ಜಪಾನೀಯರ ಕೈಗೆ ಹೋದ ಮೇಲೆ ಅಲ್ಲಿನ ಅಕ್ಕಿ ನಿಂತಿತ್ತು, ಬೊಂಬಾಯಿಯಲ್ಲಿ 1943ರ ಮೇಯಿಂದಲೇ ರೇಷನ್. ಹುಡುಗರ ಸಿಟ್ಟು ಬಟ್ಟಲಿನಿಂದಲೇ ಶುರುವಾಗಲಿ, ಭಾಷಣದಿಂದ ಬೇಡ.

ಈಗ ಸಿಡಿದ ಹಡಗು. ಹೆಸರು ಫೋರ್ಟ್ ಸ್ಟಿಕೀನ್, ನಿಂತದ್ದು ವಿಕ್ಟೋರಿಯಾ ಡಾಕಿನಲ್ಲಿ. ಸುಮಾರು 1,400 ಟನ್ ಸ್ಫೋಟಕ, ಕರಾಚಿಯಲ್ಲಿ ಹೇರಿದ ಹತ್ತಿ ಬೇಲು, ಎಣ್ಣೆ ಪೀಪಾಯಿ, ಎಲ್ಲ ಒಂದೇ ಹಡಗಿನಲ್ಲಿ. ನಿಮ್ಮ ಹುಡುಗ ಕೆಂಪು ಬಾವುಟ ನೋಡಿ ಹೆದರುತ್ತಾನೆ. ಆಗುವುದಿಲ್ಲ ಅಕ್ಕಾ, ಸ್ಫೋಟಕ ಉಂಟೆಂದು ಹಾರಿಸಬೇಕಾದ ಆ ಬಾವುಟ ಅವತ್ತು ಹಾರಿರಲೇ ಇಲ್ಲ. ಅವನು ಹೆದರದೆ ನಿಂತು ನೋಡುವುದೇ ಹೆಚ್ಚು ಭಯಂಕರ. ಮಧ್ಯಾಹ್ನ ಹೊಗೆ ಕಂಡಿತು, ಬಂಬಿನವರು 900 ಟನ್‌ಗೂ ಹೆಚ್ಚು ನೀರು ಸುರಿದರು. ಬೆಂಕಿಯ ಬುಡ ಸಿಗಲಿಲ್ಲ. ಹತ್ತಿ ಒಳಗಿಂದೊಳಗೆ ಉರಿಯುವುದು ಹಾಗೆಯೇ. 3.50ಕ್ಕೆ ಹಡಗು ಬಿಟ್ಟು ಇಳಿಯಿರಿ ಎಂಬ ಆಜ್ಞೆ, 4.06ಕ್ಕೆ ಸಿಡಿತ. ನೀವು ಒಂದೇ ಸದ್ದು ಬರೆದಿದ್ದೀರಿ. ಅರ್ಧ ಗಂಟೆಯೊಳಗೆ ಇನ್ನೊಂದು ಆಯ್ತು. ಮೊದಲನೆಯದನ್ನು ನೋಡಲು ಮಸ್ಜಿದ್ ಬಂದರಿನತ್ತ ಓಡಿದ ಹುಡುಗ ಎರಡನೆಯದರ ಹೊತ್ತಿಗೆ ಎಲ್ಲಿದ್ದ? ಅಧ್ಯಾಯ ಇರುವುದು ಆ ಅರ್ಧ ಗಂಟೆಯಲ್ಲಿ. ಬೆಂಕಿ ಆರಿಸಲು ಹೋದವರಲ್ಲಿ 66 ಜನ ತೀರಿಕೊಂಡರು, ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಮಾಡುವುದು ಅದಕ್ಕೇ.

ಆ ಹಡಗಿನಲ್ಲಿದ್ದ ಚಿನ್ನದ ಗಟ್ಟಿ ಆಕಾಶದಿಂದ ಬಿದ್ದದ್ದು ನಿಜ. ಆದರೆ ಒಂದೊಂದರ ತೂಕ ಹನ್ನೆರಡು ಕಿಲೋ ಮೇಲೆ! ಹತ್ತು ಜನ ಮಲಗುವ ಹೋಟೆಲಿನ ಅಟ್ಟದಲ್ಲಿ ಮಾಣಿ ಅದನ್ನು ಎಲ್ಲಿ ಅಡಗಿಸುವುದು ಮಾರಾಯ್ರೆ, ಆ ಉಪಕಥೆ ತೆಗೆಯಿರಿ.

ನನ್ನ ದೊಡ್ಡ ತಕರಾರು ಬೇರೆ. ಸ್ಫೋಟವನ್ನೇ ಕಾದಂಬರಿಯ ತುದಿ ಮಾಡಿದ್ದೀರಿ, ನನಗೆ ಕಥೆ ಅದರ ಆಚೆ ಕಾಣುತ್ತದೆ. ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಮಾರನೆಯ ದಿನವೇ ಸುದ್ದಿ ಹೇಳಿತು. ಇಲ್ಲಿಂದ ಹೊರಗೆ ಸುದ್ದಿ ಕಳಿಸಲು ಸೆನ್ಸಾರ್ ಒಪ್ಪಿದ್ದು ಮೇ ಎರಡನೇ ವಾರ. ಕಣ್ಣಾರೆ ಕಂಡದ್ದನ್ನು ವೈರಿಯ ರೇಡಿಯೋ ಹೇಳುತ್ತದೆ, ತನ್ನೂರಿನ ಸರಕಾರ ನುಂಗುತ್ತದೆ. ಹದಿನಾರರ ಹುಡುಗನಿಗೆ ಇನ್ನೆಂತ ಬೇಕು? ಆ ಮೂರು ನಾಲ್ಕು ವಾರ ಅವನಿಂದ ಊರಿಗೆ ಕಾರ್ಡ್ ಬರೆಸಿ. ಬರೆದು ಹೊಡೆದು ಹಾಕಿದ ಸಾಲುಗಳೂ ಪುಟದಲ್ಲಿ ಕಾಣಲಿ.

ಪ್ರಾಯದ ಲೆಕ್ಕವೂ ನಿಮಗೆ ಅನುಕೂಲವೇ. 1942ರ ಆಗಸ್ಟಿನಲ್ಲಿ, ಕ್ವಿಟ್ ಇಂಡಿಯಾದ ಗೊವಾಲಿಯಾ ಟ್ಯಾಂಕ್ ಸಭೆಯ ಹೊತ್ತಿಗೆ, ಅವರಿಗೆ ಹದಿನಾಲ್ಕು. 1946ರ ಫೆಬ್ರವರಿ 18ಕ್ಕೆ ಬೊಂಬಾಯಿಯ ತಲ್ವಾರ್ ಎಂಬ ನೌಕಾನೆಲೆಯ ಹುಡುಗರು ಬ್ರಿಟಿಷರ ವಿರುದ್ಧ ತಿರುಗಿ ಬಿದ್ದಾಗ ಹದಿನೆಂಟು. ಮೂವರಲ್ಲಿ ಒಬ್ಬನನ್ನು ಹೊಟ್ಟೆಪಾಡಿಗೆ ನೌಕಾಪಡೆಗೆ ಸೇರಿಸಿಬಿಡಿ, ಉಳಿದಿಬ್ಬರು ಬೀದಿಯಲ್ಲಿರಲಿ. ರೈಲು ಸ್ಟೇಷನ್ನಿಗೆ ಬೋರಿಬಂದರ್ ಅಂತಲೇ ಬರೆಯಿರಿ, ಈಗಿನ ಹೆಸರು ಬೇಡ. ಡಿಮೆಲ್ಲೊ ರೋಡೂ ಆಗ ಫ್ರೇರ್ ರೋಡ್.

ನಾಲ್ಕನೆಯ ಅಧ್ಯಾಯ ಪಿಡಿಎಫ್ ಮಾಡುವಾಗ ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಅಕ್ಕಾ, ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ.